ಬಿಚ್ಚಿದ ನೂಲು

ಅವತ್ತೂ ಮಂಜು.
ವಿಮಾನ ಇಳಿಯುವುದಿಲ್ಲವಂತೆ.
ಆರು ವಾರಕ್ಕೊಮ್ಮೆ ಅಬರ್ಡೀನಿನಿಂದ
ಶೆಟ್ಲೆಂಡಿಗೆ ಹಾರಿ ಬರುವ ಮಕ್ಕಳ ಮನಸ್ಸಿನ ಡಾಕ್ಟರು
ಇನ್ನೂ ಆರು ವಾರ ದೂರ ಹೋದರು.

ಫೋನಿಟ್ಟು ಲಾವ್ರಿ ಕಿಟಕಿಯತ್ತ ನೋಡಿದ.
ಕಡಲಿಲ್ಲ, ದಿಬ್ಬವಿಲ್ಲ, ಪಕ್ಕದ ಮನೆಯ ಕುರಿಗಳಿಲ್ಲ.
ಇಪ್ಪತ್ತೆರಡು ವರ್ಷ ಫೆರಿ ನಡೆಸಿದವನು
ಮಂಜಿಗೆ ಬೈದದ್ದು ನಾನು ಕೇಳಿದ್ದು ಅದೇ ಮೊದಲು.

ಡೆಕ್ಲನ್ ಬಂದು ಹದಿನಾಲ್ಕು ತಿಂಗಳಾಗಿತ್ತು.
ಗ್ಲಾಸ್ಗೋದಲ್ಲಿ ನಾಲ್ಕು ಮನೆ ದಾಟಿ ಬಂದವನು; ಎಂಟು ವರ್ಷ.
ಮೊದಲ ಚಳಿಗಾಲ ಎಷ್ಟು ಒಳ್ಳೆಯವನಾಗಿದ್ದ!
ತನ್ನ ತಟ್ಟೆ ತಾನೇ ತೊಳೆದಿಡುತ್ತಿದ್ದ,
ನೀರು ಕುಡಿಯಲೂ ಅಪ್ಪಣೆ ಕೇಳುತ್ತಿದ್ದ.
ದ್ವೀಪವೆಲ್ಲ ಹೊಗಳಿತು.
ಇವನಿನ್ನೂ ಮಗನಲ್ಲ, ನೆಂಟ ಅಂತ
ನಮಗೆ ಹೊಳೆಯಲೇ ಇಲ್ಲ.

ದತ್ತು ಕಾಗದಕ್ಕೆ ಕೋರ್ಟಿನ ಮೊಹರು ಬಿದ್ದ ವಾರ ಶುರುವಾಯಿತು.
ಬಾಗಿಲು ಒದ್ದ. ಕೈ ಕಚ್ಚಿದ,
ಲಾವ್ರಿಯದಲ್ಲ, ನನ್ನದೇ.
ಒಂದು ರಾತ್ರಿ
ನಾನು ನಾಲ್ಕು ತಿಂಗಳು ಕೂತು ಹೆಣೆದ ಸ್ವೆಟರನ್ನು
ತೋಳಿನಿಂದ ಹಿಡಿದು ಎಳೆದು ಎಳೆದು
ಬೆಳಗಾಗುವಷ್ಟರಲ್ಲಿ ಪೂರಾ ಬಿಚ್ಚಿ
ಐದು ಬಣ್ಣಕ್ಕೆ ಐದು ಉಂಡೆ ಸುತ್ತಿ
ಮೆಟ್ಟಿಲ ಮೇಲೆ ಸಾಲಾಗಿಟ್ಟಿದ್ದ.
ಏನು ಅಚ್ಚುಕಟ್ಟು! ಒಂದೂ ಗಂಟಿರಲಿಲ್ಲ.

ಪ್ರೀತಿ ಕೊಡಿ, ಸರಿಹೋಗ್ತಾನೆ, ಅಂದರು ಅತ್ತೆ.
ಹೆತ್ತವರ ರಕ್ತ, ಅಂದರು ಯಾರೋ ಅಂಗಡಿಯಲ್ಲಿ, ಬೆನ್ನ ಹಿಂದೆ.
ಶಾಲೆಯವರು ಸೋಷಿಯಲ್ ವರ್ಕಿನವರತ್ತ ಬೆರಳು ತೋರಿಸಿದರು.
ಅವರೆಂದರು: ದತ್ತು ಮುಗಿಯಿತಲ್ಲಮ್ಮ, ಈಗ ಅವನು ನಿಮ್ಮವನು.
ನಿಮ್ಮವನು.
ಆ ಒಂದು ಮಾತಿಗೆ ಏಳು ವರ್ಷ ಕಾದವಳು ನಾನು;
ಅವತ್ತು ಅದು ಯಾರೋ ಒಳಗಿನಿಂದ
ಚಿಲಕ ಹಾಕಿಕೊಂಡಂತೆ ಕೇಳಿಸಿತು.
ಎಡಿನ್‌ಬರೋದ ಒಬ್ಬರು, ಇಂಥ ಮಕ್ಕಳು ನಮಗೆ ಒಗ್ಗುವುದಿಲ್ಲ, ಅಂದರು.
ಇನ್ನೊಬ್ಬರು ಫಾರಂ ಕಳಿಸಿದರು, ಒಂಬತ್ತು ಪುಟ.
ಕುಟುಂಬದಲ್ಲಿ ಯಾರಿಗಾದರೂ ಮನೋರೋಗ ಇತ್ತೇ?
ಯಾವ ಕುಟುಂಬದಲ್ಲಿ, ಅಂತ ಕೇಳಲು
ಆ ಗೆರೆಯ ಮೇಲೆ ಜಾಗವಿರಲಿಲ್ಲ.

ಸಾಕುಸಾಕಾಗಿ, ಒಂದು ಮಧ್ಯರಾತ್ರಿ, ಬಚ್ಚಲ ನೆಲದಲ್ಲಿ ಕೂತು
ಸಾಕು ಅಂದೆ. ಜೋರಾಗಿಯೇ ಅಂದೆ.
ಗೋಡೆಯಾಚೆ
ಅವನ ಮಂಚ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು.

ಡಾಕ್ಟರು ಬಂದದ್ದು ಮೇ ತಿಂಗಳಲ್ಲಿ.
ಗಿಡ್ಡ ಹೆಂಗಸು, ಒದ್ದೆ ಕೋಟು,
ಫೆರಿಯಲ್ಲಿ ವಾಂತಿ ಮಾಡಿಕೊಂಡು ಬಿಳಿಚಿದ್ದರು.
ಡೆಕ್ಲನ್ ಯಾರೂ ಹೇಳದೆ ಬಕೆಟ್ಟು ತಂದಿಟ್ಟ.
ಒಂಬತ್ತು ಪುಟ ಮಡಿಲಲ್ಲಿಟ್ಟುಕೊಂಡು ಕಾದಿದ್ದೆ ನಾನು,
ಅವರು ಮೊದಲು ಕೇಳಿದ್ದು:
ಇಂಗಾ, ನೀವು ನಿದ್ದೆ ಮಾಡಿ ಎಷ್ಟು ದಿನವಾಯಿತು?
ಆ ಪ್ರಶ್ನೆ ಯಾವ ಪುಟದಲ್ಲೂ ಇರಲಿಲ್ಲ.
ನಾನು ಅತ್ತದ್ದನ್ನು ಅವನು ನೋಡಿದ,
ಹವಾಮಾನ ವರದಿ ನೋಡುವ ಬೆಸ್ತರ ಹಾಗೆ,
ಕಣ್ಣು ಕದಲಿಸದೆ.
ಹೋಗುವಾಗ ಉಂಡೆಗಳನ್ನು ತೋರಿಸಿ ಹೇಳಿದರು:
ಬಚ್ಚಿಡಬೇಡಿ. ಮೇಜಿನ ಮೇಲೇ ಇರಲಿ.

ಜೂನಿನಲ್ಲಿ ಮತ್ತೆ ಮಂಜು, ಮತ್ತೆ ವಿಮಾನವಿಲ್ಲ.
ಲಾವ್ರಿ ಈ ಸಲ ಬೈಯಲಿಲ್ಲ, ಕೆಟಲ್ ಹಚ್ಚಿದ.

ಬಿಚ್ಚಿದ ನೂಲು ನೆಟ್ಟಗೆ ನಿಲ್ಲುವುದಿಲ್ಲ.
ಹಳೆಯ ಹೆಣಿಗೆಯ ಸುರುಳಿಯನ್ನು ಹಿಡಿದೇ ಇರುತ್ತದೆ.
ಲಡಿ ಮಾಡಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ,
ತೂಕ ಕಟ್ಟಿ ತೂಗುಹಾಕಬೇಕು; ಆಗಲೂ ಒಮ್ಮೊಮ್ಮೆ ಬಿಡುವುದಿಲ್ಲ.
ಇದನ್ನು ಅವನಿಗೆ ಹೇಳಿದೆ.
ಒಬ್ಬಳಿಂದ ಆಗದ ಕೆಲಸ, ಕೈ ಬೇಕು, ಅಂದೆ.

ತುಂಬಾ ಹೊತ್ತಾದ ಮೇಲೆ
ಎರಡೂ ಕೈ ಮುಂದೆ ಚಾಚಿ ನಿಂತ.
ನೀಲಿ ಉಂಡೆ ಮಾತ್ರ ಕೊಡಲಿಲ್ಲ, ಅದು ಜೇಬಿನಲ್ಲಿತ್ತು.
ಉಳಿದದ್ದನ್ನು ಅವನ ಕೈಗೆ ಸುತ್ತುತ್ತ ಹೋದೆ.
ನಮ್ಮ ನಡುವೆ ಒಂದು ಮೊಳ ಜಾಗ.
ಅವನು ಹಿಂದೆ ಸರಿದರೆ ನೂಲು ಬಿಗಿ,
ನಾನು ಮುಂದೆ ಬಾಗಿದರೆ ಸಡಿಲ.
ಕೈ ನೋಯುತ್ತಿರಬೇಕು ಅನ್ನಿಸಿ
ಸಾಕಾ? ಅಂದೆ.

ಇನ್ನೂ ಇದೆ, ಅಂದ.